ಎಂಟುನೂರು ಹೊಲಿಗೆ

ಹೊನ್ನೂರಸ್ವಾಮಿ ಬಳ್ಳಾರಿಯಿಂದ
ಹೊಸ ಲ್ಯಾಪ್‌ಟಾಪು ಹೊತ್ತು ರಾಯದುರ್ಗಕ್ಕೆ ಬಂದ ದಿನ
ನಾನು ಮೊದಲು ಕೇಳಿದ್ದು ಅದರ ಅಂಕಿ.
ಹಳೆಯದಕ್ಕೆ ಎರಡು ಪಾಯಿಂಟು ನಾಲ್ಕು.
ಡಬ್ಬಿಯ ಮುಖದ ಚೀಟಿ ಈಗಲೂ ಇದೆ,
ಒಂದು ಮೂಲೆ ನನ್ನ ಉಗುರಿಗೆ ಸವೆದು.
ಹೊಸದಕ್ಕೆ ಒಂದು ಪಾಯಿಂಟು ಎಂಟು.
“ಕಮ್ಮಿ ಆತಲ್ಲೋ,” ಅಂದೆ,
“ದುಡ್ಡು ಮಾತ್ರ ಜಾಸ್ತಿ.”

ಅವನು ಹೊಲಿಗೆ ಹಾಲಿನ ಕಡೆ ಕೈ ತೋರಿಸಿದ:
“ಅಕ್ಕಾ, ನಿಮ್ಮ ಹಳೇದು ಒಬ್ಬನೇ ಟೈಲರು.
ಎಷ್ಟು ಜೋರು ತುಳಿದ್ರೂ ಒಬ್ಬನೇ ತುಳೀಬೇಕು.
ಇದರಾಗ ಹತ್ತು ಮಂದಿ ಸಾಲಾಗಿ ಕುಂತಾರ,
ಒಬ್ಬಗ ಕಾಲು, ಒಬ್ಬಗ ಜೇಬು, ಒಬ್ಬಗ ಜಿಪ್ಪು.
ಕೆಲಸ ಇಲ್ಲಂದ್ರ ಎಂಟು ಮಂದಿ ಮಲಗಿಬಿಡ್ತಾರ.”

ಮಲಗಿದವರನ್ನು ಇಟ್ಟುಕೊಳ್ಳುವ ಮಾಲೀಕ
ಈ ಊರಲ್ಲಿ ಇನ್ನೂ ಹುಟ್ಟಿಲ್ಲ, ಅಂದೆ.
ಖಾದರ್‌ಬಾಷಾ ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ.

ಹಳೆಯದು ಎದ್ದು ಕೂರುವುದಕ್ಕೇ ಆರು ನಿಮಿಷ.
ಆಮೇಲೆ ಜೀನ್ಸಿನ ಹಿಂಜೇಬಿನ ನವಿಲು:
ಗೆರೆ ಎಳೆದು, ಬಣ್ಣ ಹೇಳಿ,
ಗೆರೆಯನ್ನು ಹೊಲಿಗೆ ಮಾಡು ಅಂತ ಒತ್ತಿದರೆ
ಹನ್ನೊಂದು ನಿಮಿಷ, ಪರದೆಯಲ್ಲಿ ಮರಳಿನ ಗಡಿಯಾರ.
ಆ ಹನ್ನೊಂದು ನಿಮಿಷಗಳಲ್ಲೇ ನಾನು
ಗೋಡೆಯ ಕ್ಯಾಲೆಂಡರಿನಿಂದ ತೆಲುಗು ಓದಲು ಕಲಿತದ್ದು.
ನಮ್ಮ ತಲೆಕಟ್ಟು ಅಡ್ಡ ಮಲಗುತ್ತದೆ,
ಅವರದು ಟಿಕ್ಕು ಹಾಕಿಕೊಂಡು ನಿಲ್ಲುತ್ತದೆ,
ಕೆಳಗಿನ ಹೊಟ್ಟೆ ಹೆಚ್ಚುಕಮ್ಮಿ ಒಂದೇ.
ಮಸ್ತಾನಬಿಯ ಜಡೆ ಹೆಣೆಯುತ್ತ
ಅವಳ ನಿಶ್ಚಿತಾರ್ಥ ಮುರಿದ ಕತೆ ಕೇಳಿದ್ದೂ ಆಗಲೇ,
ಒಂದು ನವಿಲಿಗೆ ಒಂದು ಕಂತು.
ಹದಿನಾಲ್ಕು ನವಿಲಾದರೂ
ಹುಡುಗನ ಅಕ್ಕ ಏನಂದಳು ಅನ್ನುವಲ್ಲಿಗೆ ಬಂದಿರಲಿಲ್ಲ.

ಮೇ ತಿಂಗಳಲ್ಲಿ ಅದನ್ನು ಬೈಯದ ದಿನವಿಲ್ಲ.
ಹಿಂದಿನ ಕಂಡಿಯಿಂದ ಒಲೆಯ ಉಸಿರು,
ಫ್ಯಾನಿನ ತುಂಬ ಜೀನ್ಸಿನ ನೀಲಿ ನಾರು.
ಒಮ್ಮೆ ತೊಳೆಯೋಣ ಅಂತ ಎಳೆದರೆ
ಫ್ಯಾನಿನ ತಳಕ್ಕೆ ಅಂಟಿಕೊಂಡು ಚಿಪ್ಪೇ ಕಿತ್ತು ಬಂತು.
ಅಂಗೈಯಗಲವೂ ಇಲ್ಲ,
ನಾನೂರ ಎಪ್ಪತ್ತೆಂಟು ಕಾಲು, ಮೂರು ಸೊಟ್ಟ.
ಹದಿನಾಲ್ಕನೇ ನಂಬರಿನ ಸೂಜಿ ತಂದು
ಉಸಿರು ಹಿಡಿದು ಒಂದೊಂದೇ ನೆಟ್ಟಗೆ ಮಾಡಿದೆ.
ಆಮೇಲೂ ಒಂಬತ್ತು ವರ್ಷ ದುಡಿಯಿತು.

ಹೊಸದರ ಚಿಪ್ಪು ತೋರಿಸೋ ಅಂದರೆ
“ತೆಗೆಯಂಗಿಲ್ಲಕ್ಕಾ, ಬೋರ್ಡಿಗೇ ಬೆಸುಗೆ.”
ಬಿಚ್ಚಿ ಹೊಲಿಯಲು ಬಾರದ ಹೊಲಿಗೆಯನ್ನು
ನಮ್ಮಲ್ಲಿ ಯಾರೂ ಜಾಣತನ ಅನ್ನುವುದಿಲ್ಲ.

ಆದರೂ ಒತ್ತಿದೆ.
ಹಿಂದೆ ಮಸ್ತಾನಬಿ ಬಾಚಣಿಗೆ ಹಿಡಿದು ಕುಳಿತು
“ಅವರಕ್ಕ ಏನಂದಳು ಗೊತ್ತಾ” ಅಂದಳು.
ಅಷ್ಟರಲ್ಲಿ ನವಿಲು ಮುಗಿದಿತ್ತು.
ನಾಲ್ಕು ಸೆಕೆಂಡು. ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.
ಖಾದರ್‌ಬಾಷಾ ಈಗ ತಲೆ ಎತ್ತಿ
“ದಿನಕ್ಕೆ ನಲವತ್ತು ಡಿಸೈನು,” ಅಂದರು.

ನವಿಲು ತಂತಿಯೊಳಗೆ ಹಾದು ಹಾಲಿಗೆ ಹೋಯಿತು.
ಅಲ್ಲಿ ಅದೇ ಹಳೆಯ ಕಸೂತಿ ಮಿಷೀನು,
ಅದೇ ಸೂಜಿ: ನಿಮಿಷಕ್ಕೆ ಎಂಟುನೂರು ಹೊಲಿಗೆ.
ಇನ್ನೂ ಓಡಿಸಿದರೆ ದಾರ ಕಡಿಯುತ್ತದೆ.
ನವಿಲಿಗೆ ಬೇಕಾದ್ದು ಒಂಬತ್ತು ಸಾವಿರದ ಆರುನೂರು.
ಬೆರಳಲ್ಲಿ ಎಣಿಸಿದೆ, ಮತ್ತೆ ಎಣಿಸಿದೆ.
ಹನ್ನೆರಡು ನಿಮಿಷ.

ಏಳನೇ ನಿಮಿಷಕ್ಕೆ ಕರೆಂಟು ಹೋಯಿತು.
ಹಾಲು ಪೂರ್ತಿ ನಿಂತಿತು, ಯಾರೋ ಸೀನಿದರು.
ಬಟ್ಟೆಯ ಮೇಲೆ ಕಣ್ಣಿಲ್ಲದ ನವಿಲು.
ಹಳೆಯದಾಗಿದ್ದರೆ ನನ್ನ ಕೆಲಸವನ್ನೂ ನುಂಗಿ ಸಾಯುತ್ತಿತ್ತು,
ಇದು ಸಾಯಲಿಲ್ಲ, ಒಪ್ಪಿಕೊಳ್ಳಬೇಕು.
ತಣ್ಣಗೆ, ಸದ್ದಿಲ್ಲದೆ, ಪರದೆ ಬೆಳಗಿಕೊಂಡು
ಆ ಹತ್ತು ಮಂದಿ ಒಳಗೆ ಏನು ಮಾಡುತ್ತಿದ್ದರೋ.

ಆ ಬೆಳಕು ಜಡೆ ಹೆಣೆಯಲು ಸಾಕಾಗುವಷ್ಟಿತ್ತು.
“ಹೇಳು,” ಅಂದೆ, “ಏನಂದಳು ಅವಳು?”